ಸೀಸೆಯೊಳಗಿನ ಬಿಳಿ ಪೊರೆ

ಬ್ರೆಜಿಲ್‌ನ ರಿಯೊ ಡಿ ಜನೈರೊ ಬಳಿಯ ಸೆರೊಪೆಡಿಕಾದಲ್ಲಿ ಮಣ್ಣಿನ ಸೂಕ್ಷ್ಮಜೀವಿ ವಿಜ್ಞಾನಿ ಯೊಹಾನಾ ಡೋಬರೈನರ್ ನೆಚ್ಚಿಕೊಂಡಿದ್ದುದು ಒಂದು ಪುಟ್ಟ ಗಾಜಿನ ಸೀಸೆಯನ್ನು. ಅದರಲ್ಲಿ ಸಾರಜನಕದ ಉಪ್ಪು ಬೆರೆಸದ, ಅಂಬಲಿಯಷ್ಟೇ ಮಂದವಾದ ಅಗರ್. ಹುಲ್ಲಿನ ಬೇರಿನ ಚೂರೊಂದನ್ನು ಇಳಿಬಿಟ್ಟು ಕೆಲವು ದಿನ ಕಾದರೆ, ಮೇಲ್ಮೈಯಿಂದ ತುಸು ಕೆಳಗೆ ಬ್ಯಾಕ್ಟೀರಿಯಾಗಳ ತೆಳ್ಳನೆಯ ಬಿಳಿ ಪೊರೆ ಕಟ್ಟುತ್ತದೆ. ಗಾಳಿಯ ಸಾರಜನಕವನ್ನು ಹಿಡಿಯುವ ಈ ಜೀವಿಗಳಿಗೆ ಆಮ್ಲಜನಕವೂ ಬೇಕು. ಅದು ಹೆಚ್ಚಾದರೆ ಸಾರಜನಕ ಹಿಡಿಯುವ ಅವುಗಳ ಕಿಣ್ವ ಕೆಡುತ್ತದೆ. ಹಾಗಾಗಿ ಹಿತವಾದ ಆಳವನ್ನು ತಾವೇ ಹುಡುಕಿ ಅಲ್ಲಿ ನೆಲೆಸುತ್ತವೆ. ಸೂಕ್ಷ್ಮಜೀವಿ ವಿಜ್ಞಾನಿ ಬೇಯರಿಂಕ್ 1925ರಲ್ಲಿ ವಿವರಿಸಿದ, ಆಮೇಲೆ ಬಹುಪಾಲು ಮರೆತೇಹೋಗಿದ್ದ ಬ್ಯಾಕ್ಟೀರಿಯಾ 1970ರ ದಶಕದಲ್ಲಿ ಹೀಗೆ ಮತ್ತೆ ಕೈಗೆ ಸಿಕ್ಕಿತು. 1978ರಲ್ಲಿ ಅದಕ್ಕೆ ಅಜೋಸ್ಪಿರಿಲಮ್ ಎಂಬ ಹೆಸರಾಯಿತು. ನಮ್ಮ ರಾಗಿ, ಜೋಳದ ರೈತರು ಬೀಜೋಪಚಾರಕ್ಕೆ ತರುವ ಪೊಟ್ಟಣದ ಮೇಲಿರುವುದು ಇದೇ ಹೆಸರು.

ಡೋಬರೈನರ್ 1924ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದವರು. ಯುದ್ಧದ ನಂತರ ನೆಲೆ ಕಳೆದುಕೊಂಡು, ಮ್ಯೂನಿಕ್‌ನಲ್ಲಿ ಕೃಷಿ ಓದಿ ಬ್ರೆಜಿಲ್ ಸೇರಿದರು. 1951ರಲ್ಲಿ ಕೆಲಸಕ್ಕೆ ಬಂದಾಗ ಕೈಯಲ್ಲಿದ್ದುದು ಮೊದಲ ಪದವಿ ಮಾತ್ರ. ಸ್ನಾತಕೋತ್ತರ ಪದವಿ ದೊರೆತದ್ದು 1963ರಲ್ಲಿ, ವಿಸ್ಕಾನ್ಸಿನ್‌ನಲ್ಲಿ. ಕಬ್ಬಿನೊಳಗೇ ಬಾಳುವ, ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾವನ್ನು ಅವರು ಸಹೋದ್ಯೋಗಿಯೊಂದಿಗೆ ವರದಿ ಮಾಡಿದ್ದು 1988ರಲ್ಲಿ, ಅರವತ್ತು ದಾಟಿದ ಮೇಲೆ. ಇಂದಿನ ನೇಮಕಾತಿ ಸಮಿತಿಯೊಂದು ಈ ಬಯೋಡೇಟಾವನ್ನು ಎರಡನೇ ಸುತ್ತಿಗೆ ಕಳಿಸುತ್ತಿತ್ತೇ? ನನಗೆ ನಂಬಿಕೆಯಿಲ್ಲ.

ಅವರನ್ನು ದೇವರ ಕೋಣೆಯಲ್ಲಿ ಕೂರಿಸುವುದೂ ಬೇಡ. ಹುಲ್ಲು, ಮೆಕ್ಕೆಜೋಳಗಳು ಬ್ಯಾಕ್ಟೀರಿಯಾದಿಂದಲೇ ಹೇರಳ ಸಾರಜನಕ ಪಡೆಯುತ್ತವೆ ಎಂಬ ಆ ಕಾಲದ ಉತ್ಸಾಹ ಅಳತೆ ಮೀರಿತ್ತು. ಅಜೋಸ್ಪಿರಿಲಮ್‌ನ ಉಪಕಾರ ಬಹುಮಟ್ಟಿಗೆ ಬೇರು ಬೆಳೆಸುವ ಹಾರ್ಮೋನುಗಳಿಂದ ಬರುತ್ತದೆ ಎಂಬುದು ಆಮೇಲೆ ತಿಳಿಯಿತು. ಆದರೆ ಆ ತಿದ್ದುಪಡಿ ಸಾಧ್ಯವಾದದ್ದೂ ಜೀವಿ ಬೇರೆಯವರ ಸೀಸೆಗಳಲ್ಲೂ ಬೆಳೆದದ್ದರಿಂದಲೇ.

ಇವತ್ತು ಮಣ್ಣಿನ ಸೂಕ್ಷ್ಮಜೀವಿ ಸಂಶೋಧನೆಯ ದೊಡ್ಡ ಪಾಲು ಡಿಎನ್‌ಎ ಓದುವುದರಲ್ಲಿದೆ. ಒಂದು ಚಿಟಿಕೆ ಮಣ್ಣಿನಿಂದ ಸಾವಿರಾರು ಹೆಸರು ಬರುತ್ತವೆ. ಈ ತಂತ್ರವನ್ನು ನಾನು ಹಳಿಯಲಾರೆ. ಬೆಳೆಸಲಾಗದ ಜಗತ್ತನ್ನು ಅದು ತೋರಿಸಿಕೊಟ್ಟಿದೆ. ನನ್ನ ತಕರಾರು ಉದ್ಯೋಗದ ಲೆಕ್ಕಾಚಾರದ ಮೇಲೆ. ಎರಡು ಮೂರು ವರ್ಷದ ಕರಾರಿನಲ್ಲಿರುವ ಪೋಸ್ಟ್‌ಡಾಕ್‌ಗೆ ಪಟ್ಟಿ ಮಾಡುವುದು ಕ್ಷೇಮ, ಪ್ರಬಂಧ ಬೇಗ ಆಗುತ್ತದೆ. ಹಟಮಾರಿ ಬ್ಯಾಕ್ಟೀರಿಯಾವೊಂದನ್ನು ಒಲಿಸಿಕೊಂಡು, ಗಿಡಕ್ಕೆ ಕೊಟ್ಟು, ಒಂದು ಮಳೆಗಾಲ ತಪ್ಪಿದರೆ ಮುಂದಿನದಕ್ಕೆ ಕಾಯುವವರು ಪ್ರಬಂಧಗಳ ಎಣಿಕೆಯಲ್ಲಿ ಹಿಂದೆ ಬೀಳುತ್ತಾರೆ. ಬ್ರೆಜಿಲ್‌ನ ಸೋಯಾ ಇಂದು ಬಹುತೇಕ ಸಾರಜನಕ ಗೊಬ್ಬರವಿಲ್ಲದೆ, ಬೇರುಗಂಟಿನ ರೈಜೋಬಿಯಾ ಬ್ಯಾಕ್ಟೀರಿಯಾಗಳನ್ನು ನೆಚ್ಚಿ ಬೆಳೆಯುತ್ತದೆ. ಅದರ ಹಿಂದೆ 1960ರ ದಶಕದಿಂದ ಡೋಬರೈನರ್ ಮತ್ತು ಜೊತೆಗಾರರು ಹಿಡಿದ ಪಟ್ಟು ಇದೆ. ಅದು ಯಾವ ಕರಾರಿನ ಅವಧಿಗೂ ಹಿಡಿಸುವಂಥದಲ್ಲ.

ಸೀಸೆಯ ಪೊರೆಯನ್ನು ಆಗಾಗ ಹೊಸ ಅಗರ್‌ಗೆ ದಾಟಿಸುತ್ತಿರಬೇಕು, ಇಲ್ಲದಿದ್ದರೆ ಸಾಯುತ್ತದೆ. ಕರಾರು ಮುಗಿದು ಹುಡುಗಿಯೊಬ್ಬಳು ಊರಿಗೆ ಹೊರಟ ದಿನ ಅವಳ ಸೀಸೆಗಳನ್ನು ಯಾರಿಗೆ ಒಪ್ಪಿಸಬೇಕು ಎಂಬುದಕ್ಕೆ ಪ್ರತಿ ಪ್ರಯೋಗಾಲಯದಲ್ಲೂ ಒಬ್ಬರ ಹೆಸರಿರಬೇಕು, ಆ ಹೆಸರಿಗೆ ಸಂಬಳವಿರಬೇಕು.