ಪರದೇಶಿಗಳ ದೇಶ, ಕ್ಲಾರಾಳ ಮದುವೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ನಮ್ಮ ಮಾತಿನಲ್ಲಿ ‘ಪರದೇಶಿ’ ಅನ್ನೋದಕ್ಕೆ ಎರಡು ಅರ್ಥ. ಬೇರೆ ದೇಶದವನು ಅನ್ನೋದು ಒಂದು. ಹಿಂದೆ ಮುಂದೆ ಯಾರೂ ಇಲ್ಲದವನು, ದಿಕ್ಕಿಲ್ಲದವನು ಅನ್ನೋದು ಇನ್ನೊಂದು. ತಾಯಿ ಸತ್ತ ಕೂಸನ್ನು ಎತ್ತಿಕೊಂಡು ‘ಪರದೇಸಿ ಆಗೋಯ್ತಲ್ಲ ಮಗ’ ಅಂತಾರೆ. ಆ ಕೂಸು ಊರು ಬಿಟ್ಟು ಎಲ್ಲಿಗೂ ಹೋಗಿರೋದಿಲ್ಲ. ವಲಸೆ, ಗಡಿಪಾರು, ಅನನ್ಯತೆ ಅಂತ ನಮ್ಮ ವಿಮರ್ಶೆ ಆಡುವ ಮಾತುಗಳೆಲ್ಲ ಮೊದಲನೆಯ ಅರ್ಥದ ಸುತ್ತಲೇ ತಿರುಗುತ್ತವೆ. ಎರಡನೆಯ ಅರ್ಥ ಕೇರಿಯಲ್ಲಿ, ಹಾಡಿಯಲ್ಲಿ ಉಳಿದುಬಿಟ್ಟಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ಏನು ಕಾಣುತ್ತದೆ ಅನ್ನೋದು ನನ್ನ ಪ್ರಶ್ನೆ.

ಇದಕ್ಕೆ ದೂರ ಹೋಗಬೇಕಾಗಿಲ್ಲ. ಚೀನಾ ಸೈನ್ಯಕ್ಕೆ ನೆಲ ಕಳಕೊಂಡು 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದರು. ಮರುವರ್ಷವೇ, 1960ರಲ್ಲಿ, ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಟಿಬೆಟ್ಟಿನವರಿಗೆ ಬಿಟ್ಟುಕೊಟ್ಟಿತು. ಹಿಮದ ನಾಡಿನವರು ನಮ್ಮ ಬಿಸಿಲಲ್ಲಿ ಬಿದಿರು ಕಡಿದು, ಆನೆ ಕಾದು, ಜೋಳ ಬಿತ್ತಿದರು. 1969ರಲ್ಲಿ ಅಲ್ಲೇ ಇನ್ನೊಂದು ವಸತಿ ಆಯಿತು. 1972ರಲ್ಲಿ ದೇವರಾಜ ಅರಸರ ತಾಲ್ಲೂಕಾದ ಹುಣಸೂರಿನ ಗುರುಪುರದಲ್ಲಿ ಮತ್ತೊಂದು. ಮೂರು ತಲೆಮಾರು ಕಳೆದರೂ ನಾವು ಆ ಊರುಗಳಿಗೆ ‘ಕ್ಯಾಂಪು’ ಅಂತಲೇ ಅನ್ನುತ್ತೇವೆ. ಕ್ಯಾಂಪು ಅಂದರೆ ಇವತ್ತೋ ನಾಳೆಯೋ ಕಿತ್ತುಕೊಂಡು ಹೋಗುವುದು.

ಆ ಕ್ಯಾಂಪುಗಳ ಒಳಗೆ ಒಂದು ದೇಶ ದಿನವೂ ವಾದ ಮಾಡಿಕೊಂಡು ಬದುಕಿದೆ. ಸೆರಾ ಮಠದ ಅಂಗಳದಲ್ಲಿ ಸನ್ಯಾಸಿಗಳು ಚಪ್ಪಾಳೆ ತಟ್ಟಿ ಮಾಡುವ ತರ್ಕವನ್ನು ನಮ್ಮ ಪ್ರವಾಸಿಗಳು ಫೋಟೋ ಹಿಡಿಯುತ್ತಾರೆ. ನಾನು ಹೇಳುತ್ತಿರುವ ವಾದ ಬೇರೆ. ಟಿಬೆಟ್ಟಿಗೆ ಪೂರ್ಣ ಸ್ವಾತಂತ್ರ್ಯ ಬೇಕು ಅನ್ನುವವರದ್ದು ‘ರಂಗ್‌ಜೆನ್’. ಚೀನಾದ ಒಳಗೇ ಇದ್ದು ಸ್ವಾಯತ್ತತೆ ಪಡೆಯೋಣ ಅನ್ನುವವರದ್ದು ‘ಉಮೆಲಾಮ್’, ಮಧ್ಯಮ ಮಾರ್ಗ. 2011ರಲ್ಲಿ ದಲಾಯಿ ಲಾಮಾ ತಮ್ಮ ರಾಜಕೀಯ ಅಧಿಕಾರವನ್ನು ಚುನಾಯಿತರಿಗೆ ಬಿಟ್ಟುಕೊಟ್ಟ ಮೇಲೆ ಈ ವಾದ ಇನ್ನಷ್ಟು ಬಿಸಿಯಾಗಿದೆ. 2021ರಲ್ಲಿ ಗಡಿಪಾರು ಸರ್ಕಾರದ ಮುಖ್ಯಸ್ಥರಾಗಿ ಆಯ್ಕೆಯಾದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದು ಬೈಲಕುಪ್ಪೆಯಲ್ಲೇ. ಅವರ ಸಂಸತ್ತಿನಲ್ಲಿ ಊತ್ಸಾಂಗ್, ಖಾಮ್, ಆಮ್ದೊ ಎಂಬ ಹಳೆಯ ಪ್ರಾಂತ್ಯಗಳಿಗೆ ತಲಾ 10 ಸ್ಥಾನ ಇವೆ. ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಹುಟ್ಟಿ ಬೆಳೆದ ಹುಡುಗಿ ತಾನು ಕಣ್ಣಲ್ಲೂ ನೋಡದ ಖಾಮ್ ಪ್ರಾಂತ್ಯದವಳಾಗಿ ಓಟು ಹಾಕುತ್ತಾಳೆ.

ಈ ವಾದ ಓಟಿಗೆ ಮುಗಿಯುವುದಿಲ್ಲ. ಭಾರತದ ಪೌರತ್ವ ತಗೊಂಡರೆ ಟಿಬೆಟ್ಟಿಗೆ ದ್ರೋಹವೇ? 1950ರಿಂದ 1987ರ ನಡುವೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಅಂತ ದೆಹಲಿ ಹೈಕೋರ್ಟು 2010ರಲ್ಲಿ, ನಮ್ಮ ಹೈಕೋರ್ಟು 2013ರಲ್ಲಿ ಹೇಳಿವೆ. 2017ರಲ್ಲಿ ಕೇಂದ್ರ ಸರ್ಕಾರ ಪಾಸ್‌ಪೋರ್ಟ್ ಕೊಡಲು ಒಪ್ಪಿದಾಗ, ನಿರಾಶ್ರಿತರ ನೋಂದಣಿ ಚೀಟಿ ಹಿಂತಿರುಗಿಸಬೇಕು, ಕ್ಯಾಂಪಿನಲ್ಲಿ ವಾಸ ಇರಕೂಡದು ಎಂಬ ಷರತ್ತೂ ಬಂತು. ದೇಶ ಬೇಕಾದರೆ ಮನೆ ಬಿಡು, ಮನೆ ಬೇಕಾದರೆ ದೇಶ ಬಿಡು! ಇದರ ಜೊತೆಗೆ ಮದುವೆಯ ಪ್ರಶ್ನೆ. ಹೊರಗಿನವರನ್ನು ಕಟ್ಟಿಕೊಂಡರೆ ನಮ್ಮ ಜನ ಕರಗಿಹೋಗುತ್ತಾರೆ ಎಂಬ ಹೆದರಿಕೆ ಒಂದು ಕಡೆ. ಅಮೆರಿಕಾ, ಕೆನಡಾ ಅಂತ ಎಳೆಯರು ಹೊರಟು ಕ್ಯಾಂಪು ಬರಿದಾಗುವ ಸಂಕಟ ಇನ್ನೊಂದು ಕಡೆ.

ಅರವತ್ತು ವರ್ಷದಿಂದ ಪಕ್ಕದಲ್ಲೇ ನಡೆದಿರುವ ಈ ವಾದ ಕನ್ನಡ ವಿಮರ್ಶೆಗೆ ಕೇಳಿಸಿದ್ದು ತೀರಾ ಕಡಿಮೆ. ಮೇಲುಜಾತಿಯ ಮಧ್ಯಮ ವರ್ಗಕ್ಕೆ ಬೈಲಕುಪ್ಪೆ ಅಂದರೆ ಗೋಲ್ಡನ್ ಟೆಂಪಲ್, ಭಾನುವಾರದ ಪ್ರವಾಸ, ಚಳಿಗಾಲದ ಸ್ವೆಟರ್. ನಮ್ಮ ಜನರ ಮಾತು ಬೇರೆ. ಹೊಗೆಸೊಪ್ಪಿನ ಕೂಲಿಗೆ ಹೋಗುವವರೊಬ್ಬರು ನನಗೆ ಅಂದಿದ್ದರು: ‘ಅವ್ರಿಗೆ ಮೂರ್ ಸಾವ್ರ ಎಕ್ರೆ ಕೊಟ್ರು ಕಣಣ್ಣ, ನಮ್ಗೆ ಮೂರ್ ಗುಂಟೆ ಅಂದ್ರೆ ಸರ್ಕಾರದೋರ ಕೈ ನಡುಗ್ತದೆ.’ ಈ ಮಾತಿನ ಹಿಂದಿನ ಹಸಿವು ಸತ್ಯ. ಆದರೆ ಈ ಸಿಟ್ಟು ತಪ್ಪು ಬಾಗಿಲು ತಟ್ಟಿದರೆ ಅದರಿಂದ ಲಾಭ ಯಾರಿಗೆ ಅಂತಲೂ ಕೇಳಬೇಕು. ನೂರಾರು ಎಕರೆ ಇಟ್ಟುಕೊಂಡ ಊರ ಗೌಡನ ಮನೆ ಬಿಟ್ಟು, ಸರ್ಕಾರದ ಗುತ್ತಿಗೆ ನೆಲದಲ್ಲಿ ಕೂತ ನಿರಾಶ್ರಿತನ ಕಡೆ ಕೈ ತೋರಿಸಿದರೆ ಗೌಡನಿಗೆ ನೆಮ್ಮದಿ. ಪ್ರವಾಸಿಯ ಮರುಕವೂ ಬೇಡ, ಈ ಹೊಟ್ಟೆಯುರಿಯೂ ಬೇಡ ಅಂದರೆ ನಾವು ಇವರನ್ನು ಓದುವುದು ಹೇಗೆ?

ನನಗೆ ದಾರಿ ತೋರಿಸಿದ್ದು ನೈಜೀರಿಯಾದ ಒಂದು ಕಾದಂಬರಿ. ಬೈಲಕುಪ್ಪೆಗೆ ನೆಲ ಸಿಕ್ಕ 1960ರಲ್ಲೇ ನೈಜೀರಿಯಾ ಸ್ವತಂತ್ರವಾಯಿತು. ಅದೇ ವರ್ಷ ಚಿನುವಾ ಅಚಿಬೆಯ ‘ನೋ ಲಾಂಗರ್ ಅಟ್ ಈಸ್’ ಬಂತು. ಅಚಿಬೆ ನಮಗೆ ಹೊಸಬನಲ್ಲ. ಮೈಸೂರು ಕಾಮನ್‌ವೆಲ್ತ್ ಸಾಹಿತ್ಯದ ದೊಡ್ಡ ಠಾಣ್ಯವಾಗಿತ್ತು. ಅವನ ಮೊದಲ ಕಾದಂಬರಿಯನ್ನು ಸಿ. ನಾಗಣ್ಣ ‘ಭಂಗ’ ಎಂದು ಕನ್ನಡಕ್ಕೆ ತಂದಿದ್ದಾರೆ. ಆ ‘ಭಂಗ’ದ ನಾಯಕನ ಮೊಮ್ಮಗ ಓಬಿಯೇ ಈ ಕಾದಂಬರಿಯ ನಾಯಕ. ಉಮುಓಫಿಯಾ ಊರಿನವರು ಲಾಗೋಸಿನಲ್ಲಿ ಸಂಘ ಕಟ್ಟಿಕೊಂಡು, ಕೂಡಿಹಾಕಿದ ಹಣದಲ್ಲಿ 800 ಪೌಂಡು ಸಾಲ ಕೊಟ್ಟು, ಓಬಿಯನ್ನು ಇಂಗ್ಲೆಂಡಿಗೆ ಓದಲು ಕಳಿಸುತ್ತಾರೆ. ಪರದೇಶಕ್ಕೆ ಹೋದ ಮೇಲೇ ಅವನೊಳಗೆ ನೈಜೀರಿಯಾ ಎಂಬ ದೇಶ ಹುಟ್ಟುತ್ತದೆ. ಅಲ್ಲಿ ಅವನು ತಾಯ್ನಾಡಿನ ಮೇಲೆ ಪದ್ಯ ಕಟ್ಟುತ್ತಾನೆ. ಲಂಡನ್ನಿನಲ್ಲಿ ನೈಜೀರಿಯಾದ ರಾಜಕೀಯ ಪಕ್ಷವೊಂದರ ಶಾಖೆ ಏರ್ಪಡಿಸಿದ ನೃತ್ಯಕೂಟದಲ್ಲಿ ಅವನು ಕ್ಲಾರಾಳನ್ನು ಮೊದಲು ನೋಡುತ್ತಾನೆ. ಪರದೇಶದಲ್ಲಿ ದೇಶ, ರಾಜಕೀಯ, ಪ್ರೀತಿ ಮೂರೂ ಒಂದೇ ಕೋಣೆಯಲ್ಲಿ.

ನೈಜೀರಿಯಾಕ್ಕೆ ಮರಳಿದ ಮೇಲೆ ಕ್ಲಾರಾ ಹೇಳುತ್ತಾಳೆ: ನಾನು ಓಸು. ಓಸು ಅಂದರೆ ಇಗ್ಬೊ ಜನರಲ್ಲಿ ದೇವರಿಗೆ ಬಿಟ್ಟವರ ವಂಶ, ಮುಟ್ಟಿಸಿಕೊಳ್ಳದ ವಂಶ. ಅವರಿಗೆ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಕ್ಲಾರಾ ಇಂಗ್ಲೆಂಡಿನಲ್ಲಿ ಓದಿದ ನರ್ಸು. ಆದರೂ ಓಸು. ಮದುವೆಯಾಗಿಯೇ ಸಿದ್ಧ ಅಂತ ಓಬಿ ಉಂಗುರ ತರುತ್ತಾನೆ. ಗೆಳೆಯ ಜೋಸೆಫ್ ಹೌಹಾರುತ್ತಾನೆ. ಸಂಘದ ಅಧ್ಯಕ್ಷ ಸಭೆಯಲ್ಲಿ ಹುಡುಗಿಯ ಕುಲದ ಮಾತೆತ್ತುತ್ತಾನೆ. ಓಬಿಯ ಅಪ್ಪ ಕ್ರಿಸ್ತನಿಗಾಗಿ ಹೆತ್ತ ತಂದೆಯನ್ನೇ ಬಿಟ್ಟುಬಂದ ಉಪದೇಶಿ. ಆತನೂ ಓಸುತನ ಜನರ ಮನಸ್ಸಿನಲ್ಲಿ ಕುಷ್ಠದ ಹಾಗೆ ಅಂದುಬಿಡುತ್ತಾನೆ. ಅವ್ವ, ನಾನು ಬದುಕಿರುವಾಗ ಅವಳನ್ನು ಮದುವೆಯಾದರೆ ಪ್ರಾಣ ಕಳಕೊಳ್ಳುತ್ತೇನೆ ಅಂತಾಳೆ. ಓಬಿ ಕುಸಿಯುತ್ತಾನೆ. ಕ್ಲಾರಾ ಉಂಗುರ ವಾಪಸು ಕೊಡುತ್ತಾಳೆ. ಗರ್ಭ ತೆಗೆಸಿಕೊಂಡು ಆಸ್ಪತ್ರೆ ಸೇರುತ್ತಾಳೆ. ಆಮೇಲೆ ಕಾದಂಬರಿಯಿಂದಲೇ ಕಾಣೆಯಾಗುತ್ತಾಳೆ.

ಕಾದಂಬರಿ ಶುರುವಾಗುವುದೂ ಮುಗಿಯುವುದೂ ಓಬಿಯ ಲಂಚದ ಮೊಕದ್ದಮೆಯಲ್ಲಿ. ಇಷ್ಟು ಓದಿದವನು ಯಾಕೆ ಲಂಚ ತಿಂದ ಅಂತ ನ್ಯಾಯಾಧೀಶನೂ ಕೇಳುತ್ತಾನೆ, ಬಿಳಿಯರೂ ಕೇಳುತ್ತಾರೆ, ಉಮುಓಫಿಯಾದವರೂ ಕೇಳುತ್ತಾರೆ. ಕಾಲೇಜಿನ ತರಗತಿಗಳಲ್ಲೂ ಇದೇ ಪ್ರಶ್ನೆ: ವಸಾಹತುಶಾಹಿ ಹೇಗೆ ಒಬ್ಬ ಯುವಕನನ್ನು ಎರಡು ಹೋಳು ಮಾಡಿತು? ಪ್ರಶ್ನೆ ಸರಿಯೇ. ಆದರೆ ಕ್ಲಾರಾ ಎಲ್ಲಿಗೆ ಹೋದಳು ಅಂತ ಯಾರೂ ಕೇಳಲಿಲ್ಲ. ಕೇರಿಯಿಂದ ಬಂದ ಓದುಗನಿಗೆ ಮೊದಲು ಹೊಳೆಯಬೇಕಾದ ಪ್ರಶ್ನೆ ಅದೇ. ಓಬಿಯ ದೇಶ ಮುರಿದುಬಿದ್ದದ್ದು ಲಂಚದ ದಿನ ಅಲ್ಲ, ಉಂಗುರ ವಾಪಸು ಬಂದ ದಿನ. ಪೂರ್ವ ನೈಜೀರಿಯಾದಲ್ಲಿ ಓಸು ಪದ್ಧತಿಯನ್ನು ಕಾನೂನು ಮಾಡಿ ತೆಗೆದದ್ದು 1956ರಲ್ಲಿ. ನಮ್ಮ ಸಂವಿಧಾನದ 17ನೇ ವಿಧಿ 1950ರದ್ದು. ಕಾನೂನು ಕಚೇರಿಯ ತನಕ ಬರುತ್ತದೆ, ಚಪ್ಪರದ ಕೆಳಗೆ ಬರುವುದಿಲ್ಲ. ಪರದೇಶದಲ್ಲಿ ಆಡುವ ದೇಶದ ಮಾತು ಎಷ್ಟು ಗಟ್ಟಿ ಅನ್ನೋದನ್ನು ಮದುವೆಯ ಹೊತ್ತಿಗೆ ಒರೆಗೆ ಹಚ್ಚಬೇಕು.

ಈ ಒರೆಗಲ್ಲನ್ನು ಹಿಡಿದು ಈಗ ಕ್ಯಾಂಪಿಗೆ ಬರೋಣ. ಹಳೆಯ ಟಿಬೆಟ್ಟಿನಲ್ಲಿ ಅಪ್ಪನ ಕಡೆಯ ವಂಶಕ್ಕೆ ‘ಮೂಳೆ’ ಅನ್ನುತ್ತಿದ್ದರು. ಕಮ್ಮಾರ, ಕಟುಕ, ಹೆಣದ ಕೆಲಸದವನು ಇವರದ್ದು ಕೆಟ್ಟ ಮೂಳೆ. ಅವರ ಬಟ್ಟಲಲ್ಲಿ ಕುಡಿಯುವಂತಿರಲಿಲ್ಲ, ಅವರ ಮನೆಗೆ ಹೆಣ್ಣು ಕೊಡುವಂತಿರಲಿಲ್ಲ. ಎರಡು ಲೋಟದ ಹೋಟೆಲು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕೆ? 1991ರ ಗಡಿಪಾರು ಸನ್ನದು ಎಲ್ಲ ಟಿಬೆಟನ್ನರೂ ಸಮಾನರು ಅಂದಿದೆ. ಅದು ದೊಡ್ಡ ಹೆಜ್ಜೆ. ಆದರೂ ಸಂಬಂಧ ಕುದುರಿಸುವಾಗ ಮೂಳೆ ಕೇಳುವ ಪದ್ಧತಿ ಗಡಿ ದಾಟಿ ಬಂದಿದೆ ಅಂತ ಸಂಶೋಧಕರು ದಾಖಲಿಸಿದ್ದಾರೆ. ಹಾಗಂತ ಚೀನಾ ಮಾಡಿದ್ದು ಸರಿ ಅನ್ನುವ ತೀರ್ಪು ಇದರಿಂದ ಹುಟ್ಟುವುದಿಲ್ಲ. ನಿಮ್ಮಲ್ಲಿ ಅಸ್ಪೃಶ್ಯತೆ ಇದೆ, ಆದ್ದರಿಂದ ನಾವೇ ಆಳುತ್ತೇವೆ ಅನ್ನುವುದು ಬ್ರಿಟಿಷರೂ ಆಡಿದ ಆಟ. ದೇಶ ಕಳಕೊಂಡವನ ನೋವು ಪೂರ್ತಿ ನಿಜ. ಆ ನೋವಿನ ಸಭೆಯಲ್ಲಿ ಕಮ್ಮಾರನ ಮಗಳು ಎಲ್ಲಿ ಕೂತಿದ್ದಾಳೆ ಅನ್ನುವ ಪ್ರಶ್ನೆಯೂ ಅಷ್ಟೇ ನಿಜ.

ಗಡಿಪಾರಿನ ಬರಹದಲ್ಲಿ ಹೆಚ್ಚು ಜನ ಓದಿರುವುದು ತೆನ್‌ಜಿನ್ ತ್ಸುಂಡುವನ್ನು. 2005ರಲ್ಲಿ ಚೀನಾದ ಪ್ರಧಾನಿ ಬೆಂಗಳೂರಿಗೆ ಬಂದಾಗ ವಿಜ್ಞಾನ ಸಂಸ್ಥೆಯ ಕಟ್ಟಡ ಹತ್ತಿ ಟಿಬೆಟ್ಟಿನ ಪರ ಬಟ್ಟೆ ಬಿಚ್ಚಿ ಹಿಡಿದ ಕವಿ ಇವನೇ. ರಸ್ತೆ ಕೂಲಿಗಳ ಮಗ. ತನಗೆ ಮೂರು ಕಚೇರಿಗಳು ಮೂರು ಹುಟ್ಟಿದ ದಿನ ಕೊಟ್ಟಿವೆ ಅಂತ ಬರೆದಿದ್ದಾನೆ. ಇದನ್ನು ಓದಿದಾಗ ನನ್ನ ಎದೆ ಧಸಕ್ಕೆಂದಿತು. ನಮ್ಮ ಕೇರಿಯ ಅರ್ಧ ಜನಕ್ಕೆ ಹುಟ್ಟಿದ ದಿನ ಕೊಟ್ಟವರು ಶಾಲೆಯ ಮೇಷ್ಟ್ರು. ಟಿಬೆಟ್ಟಿನ ಕೂಲಿಯ ಮಗನೂ ಕೇರಿಯ ಕೂಲಿಯ ಮಗನೂ ಸರ್ಕಾರದ ಕಾಗದದಲ್ಲಿ ಹುಟ್ಟುವುದು ಒಂದೇ ಥರ. ನೆಂಟಸ್ತಿಕೆ ಬೆಳೆಸಬೇಕಾದ ಜಾಗ ಇದು. ಆದರೆ ಈ ಬರಹದ ದೊಡ್ಡ ದುಃಖ ಕಳೆದ ದೇಶದ್ದು. ಆ ದೇಶದಲ್ಲೇ ದೇಶ ಇಲ್ಲದವನಾಗಿದ್ದವನ ಕಥೆ ಅದರಲ್ಲಿ ನನಗೆ ಸಿಗಲಿಲ್ಲ. ದೂರು ಅಂತ ಹೇಳುತ್ತಿಲ್ಲ, ಕಾಯುತ್ತಿದ್ದೇನೆ ಅಂತ ಹೇಳುತ್ತಿದ್ದೇನೆ. ಕನ್ನಡದಲ್ಲೂ ಆ ದನಿ ಬರಲು ಎಪ್ಪತ್ತರ ದಶಕದ ತನಕ ಕಾಯಬೇಕಾಯಿತು.

ಅದು ಬಂದಾಗ ಏನಾಯಿತು? 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದದ್ದಕ್ಕೆ ಕನ್ನಡಾಭಿಮಾನದ ಹೆಸರಲ್ಲಿ ದಲಿತ ಹುಡುಗರಿಗೆ ಏಟು ಬಿದ್ದವು. ನಾಡು, ನುಡಿ ಅನ್ನುವ ಅಭಿಮಾನ ಯಾರ ಬೆನ್ನಿನ ಮೇಲೆ ನಿಂತಿದೆ ಅಂತ ಆವತ್ತು ಬಯಲಾಯಿತು. ಈ ಅಭಿಮಾನ ಸಮುದ್ರ ದಾಟಿದರೂ ಜಾತಿಯನ್ನು ದಡದಲ್ಲಿ ಬಿಟ್ಟು ಹೋಗುವುದಿಲ್ಲ. ಅಮೆರಿಕಾದಲ್ಲಿ ಕನ್ನಡಿಗರ ಕೂಟಗಳೂ ಇವೆ, ಕನ್ನಡಿಗರ ಜಾತಿ ಸಂಘಗಳೂ ಇವೆ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಅಂಥದ್ದೇ ಮಸೂದೆಗೆ ಅಕ್ಟೋಬರ್‌ನಲ್ಲಿ ಗವರ್ನರ್ ಅಂಕಿತ ಹಾಕಲಿಲ್ಲ. ಎರಡು ಸಲವೂ ಕಾನೂನು ಬೇಡವೇ ಬೇಡ ಅಂತ ಹೋರಾಡಿದವರಲ್ಲಿ ಭಾರತದಿಂದ ಹೋದವರೇ ಮುಂದೆ ಇದ್ದರು. ಉಮುಓಫಿಯಾ ಸಂಘ ಎಲ್ಲ ದೇಶದಲ್ಲೂ ಇದೆ.

ಇನ್ನು ‘ಪರದೇಶಿ’ಯ ಎರಡನೆಯ ಅರ್ಥ. 1931ರಲ್ಲಿ ಅಂಬೇಡ್ಕರ್ ಗಾಂಧಿಯವರ ಎದುರು ಕೂತು ತನಗೆ ತಾಯ್ನಾಡು ಇಲ್ಲ ಅಂದಿದ್ದರು. ಅದೇ ಅಂಬೇಡ್ಕರ್ 1954ರಲ್ಲಿ ರಾಜ್ಯಸಭೆಯಲ್ಲಿ, ಲಾಸಾವನ್ನು ಚೀನಾದ ಕೈಗೆ ಹೋಗಲು ಬಿಟ್ಟದ್ದಕ್ಕೆ ನೆಹರೂ ನೀತಿಯನ್ನು ಟೀಕಿಸಿದರು. ತಾಯ್ನಾಡು ಇಲ್ಲ ಅಂದವರಿಗೆ ಇನ್ನೊಬ್ಬರ ನಾಡು ಹೋಗುವುದು ಕಂಡಿತ್ತು. ನಮ್ಮ ಎದುರು ಇರುವ ಮಾದರಿ ಇದು. ಎಚ್.ಡಿ.ಕೋಟೆ, ಹುಣಸೂರಿನ ಕಾಡಂಚಿನಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಹುಲಿಯ ಹೆಸರಲ್ಲಿ, ಅಣೆಕಟ್ಟಿನ ಹೆಸರಲ್ಲಿ ತಮ್ಮ ಕಾಡಿನಿಂದ ಹೊರಬಿದ್ದರು. ಹೈಕೋರ್ಟು ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ ನಾಗರಹೊಳೆಯಿಂದ ಹೊರಹಾಕಿಸಿಕೊಂಡವರು 3,418 ಕುಟುಂಬ ಅಂತ ಲೆಕ್ಕ ಕೊಟ್ಟಿತು. ಇವರನ್ನು ಯಾವ ದಾಖಲೆಯೂ ನಿರಾಶ್ರಿತರು ಅನ್ನುವುದಿಲ್ಲ. ನಿರಾಶ್ರಿತ ಆಗಬೇಕಾದರೆ ಒಂದು ಗಡಿ ದಾಟಿರಬೇಕು. ಇವರು ದಾಟಿದ್ದು ಅರಣ್ಯ ಇಲಾಖೆಯ ಕಂದಕ. ಕಾಡು ಕಡಿದು ಪರದೇಶಿಗೆ ನೆಲ ಕೊಟ್ಟ ಸರ್ಕಾರ ತಪ್ಪು ಮಾಡಲಿಲ್ಲ. ಅದೇ ಮನಸ್ಸನ್ನು ಹಾಡಿಯ ಪರದೇಶಿಗೆ ತೋರಿಸದೇ ಹೋದದ್ದು ತಪ್ಪು. ಆ ಕೂಲಿಯ ಅಣ್ಣನ ಸಿಟ್ಟಿಗೆ ನಾನು ಕೊಡಬಲ್ಲ ಉತ್ತರ ಇಷ್ಟು.

ಗೆಳೆಯರೇ, ದಲಿತ ವಿಮರ್ಶೆ ಅಂದರೆ ದಲಿತರು ಬರೆದದ್ದನ್ನು ಮಾತ್ರ ಓದುವುದು ಅಂತ ನಮ್ಮನ್ನು ಒಂದು ಮೂಲೆಗೆ ಕೂರಿಸುವ ಹುನ್ನಾರ ಹಳೆಯದು. ಅದಕ್ಕೆ ನಾವು ಒಪ್ಪಬೇಕಾಗಿಲ್ಲ. ಅಚಿಬೆಯನ್ನು, ಟಿಬೆಟ್ಟನ್ನು, ಅಮೆರಿಕಾದ ಕನ್ನಡ ಕೂಟವನ್ನು ಕೇರಿಯ ಕಡೆಯಿಂದ ಓದುವುದೂ ನಮ್ಮದೇ ಕೆಲಸ. ದೇಶದ ಮಾತು ಎಲ್ಲಿ ಜೋರಾಗಿ ಕೇಳಿದರೂ ಅಲ್ಲಿ ಮೂರು ಪ್ರಶ್ನೆ ಕೇಳಿ. ಹೆಣ್ಣು ಯಾರಿಗೆ ಕೊಡುತ್ತಾರೆ? ಬಟ್ಟಲು ಯಾರ ಜೊತೆ ಹಂಚುತ್ತಾರೆ? ಹೆಣ ಯಾರು ಹೊರುತ್ತಾರೆ?

ಹುಣಸೂರು, ಪಿರಿಯಾಪಟ್ಟಣದ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರಿಗೆ ಒಂದು ಮಾತು. ಬೈಲಕುಪ್ಪೆಯ ಎಳೆಯರಲ್ಲಿ ಅನೇಕರಿಗೆ ನಮ್ಮ ಸೀಮೆಯ ಕನ್ನಡ ಬರುತ್ತದೆ. ಅವರ ಜೊತೆ ಕೂತು ಈ ಪ್ರಶ್ನೆಗಳನ್ನು ಕೇಳಿ. ಅವರೂ ನಿಮ್ಮನ್ನು ಕೇಳಲಿ, ನಿಮ್ಮೂರಿನ ಹೋಟೆಲಿನ ಬಗ್ಗೆ, ನಿಮ್ಮೂರಿನ ಮದುವೆಯ ಬಗ್ಗೆ. ಕೇಳಿದ್ದನ್ನು, ಹೇಳಿದ್ದನ್ನು ಬರೆದಿಡಿ. ಕ್ಲಾರಾ ಎಲ್ಲಿಗೆ ಹೋದಳು ಅಂತ ಅಚಿಬೆ ಹೇಳಲಿಲ್ಲ. ಅವಳು ಯಾವುದೋ ಕ್ಯಾಂಪಿನಲ್ಲೋ, ಹಾಡಿಯಲ್ಲೋ, ನಮ್ಮ ಕೇರಿಯಲ್ಲೋ ಇನ್ನೂ ಇದ್ದಾಳೆ. ಅವಳನ್ನು ಹುಡುಕಿ ಹೊರಡದ ವಿಮರ್ಶೆ ನಮಗೆ ಬೇಡ.