ಬೇಡ ಎನ್ನಬಲ್ಲ ಮಾರ್ಗದರ್ಶಿ ಬೇಕು

ಶನಿವಾರ ಸಂಜೆ ಹೊರಟು ಭಾನುವಾರ ರಾತ್ರಿ ಮರಳುವ ‘ಜಂಗಲ್ ಟ್ರೆಕ್’ ಈಗ ಮೈಸೂರಿನ ಮೇಟಗಳ್ಳಿ, ಹೆಬ್ಬಾಳು, ಕೂರ್ಗಳ್ಳಿಯ ಕಾರ್ಖಾನೆ ಮತ್ತು ಐಟಿ ನೌಕರರಿಗೆ ಸಿನಿಮಾ ಟಿಕೆಟ್ಟಿನಷ್ಟೇ ಸುಲಭವಾಗಿ ಸಿಗುವ ಸರಕು. ಮೊಬೈಲಿಗೆ ಬರುವ ಜಾಹೀರಾತುಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ: ರಾತ್ರಿ ನಡಿಗೆ, ಗುಹೆಯೊಳಗೆ ತೆವಳುವುದು, ನೀರಿದ್ದರೆ ಈಜು, ಟೆಂಟು, ಕ್ಯಾಂಪ್‌ಫೈರ್, ಬೆಳಗ್ಗೆ ಉಪ್ಪಿಟ್ಟು. ಹೋಗಿ ಬಂದವರು ಇದನ್ನು ಅಳೆಯುವುದು ಊಟ, ಟೆಂಟು ಮತ್ತು ಸೂರ್ಯೋದಯದ ಫೋಟೊಗಳಿಂದ. ಈ ಅಳತೆಗೋಲೇ ತಪ್ಪು. ಕಾಡಿಗೆ ಕರೆದೊಯ್ಯುವವನಿಗೆ ‘ಇವತ್ತು ಬೇಡ, ವಾಪಸು ಹೋಗೋಣ’ ಎನ್ನುವ ತಿಳಿವಳಿಕೆ ಮತ್ತು ಅಧಿಕಾರ ಎರಡೂ ಇವೆಯೇ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಹಾಗೆ ಕೇಳಿದರೆ ಇಂದಿನ ವಾರಾಂತ್ಯದ ಪ್ಯಾಕೇಜು ಪಾಸಾಗುವುದು ಕಷ್ಟ.

ಗುಹೆಯ ನೀರಿಗಿಳಿಯುವುದು ನಮಗೆ ಹೊಸದಲ್ಲ. ಬೀದರಿನ ಝರಣಿ ನರಸಿಂಹ ಕ್ಷೇತ್ರದಲ್ಲಿ ಭಕ್ತರು ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣುತ್ತಾರೆ. ತಲೆಯ ಮೇಲೆ ಬಾವಲಿಗಳು ನೇತಾಡುತ್ತಿರುತ್ತವೆ. ಮಂಗಳೂರು ಸಮೀಪದ ನೆಲ್ಲಿತೀರ್ಥದಲ್ಲಿ ಬಾಗಿ, ಮಂಡಿಯೂರಿ, ತೆವಳಿ ಹೋದರೆ ಒಳಗೊಂದು ಕೊಳ, ಶಿವಲಿಂಗ. ಆದರೆ ನೆಲ್ಲಿತೀರ್ಥದ ಗುಹೆ ಭಕ್ತರಿಗೆ ತೆರೆದಿರುವುದು ವರ್ಷದಲ್ಲಿ ಆರು ತಿಂಗಳು ಮಾತ್ರ, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ. ಕಾರಣ ನಂಬಿಕೆಯೇ ಇರಲಿ, ಫಲವಂತೂ ಕಣ್ಣಿಗೆ ಕಾಣುವಂಥದ್ದು: ಮಳೆಗೆ ನೀರು ಏರುವ ತಿಂಗಳುಗಳಲ್ಲಿ ಒಳಗೆ ಮನುಷ್ಯರಿರುವುದಿಲ್ಲ, ಗುಹೆಯ ಜೀವಿಗಳಿಗೂ ವಿರಾಮ ಸಿಗುತ್ತದೆ. ಈ ವಿರಾಮದ ಬೆಲೆ ತಿಳಿಯಬೇಕಾದರೆ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯನ್ನು ನೆನೆಯಬೇಕು. 2018ರ ಜೂನ್ 23ರಂದು ಒಳಹೋದ 12 ಹುಡುಗರು ಮತ್ತು ಅವರ ಕೋಚ್ ಮಳೆನೀರಿಗೆ ಸಿಕ್ಕಿ, ಎಲ್ಲರೂ ಹೊರಬಂದದ್ದು ಜುಲೈ 10ಕ್ಕೆ. ರಕ್ಷಣೆಗೆ ಇಳಿದ ಮುಳುಗುಗಾರರೊಬ್ಬರು ಜೀವ ತೆತ್ತರು. ನೆಲ್ಲಿತೀರ್ಥದ ಹಳೆಯ ಆಚರಣೆ ಸಾಹಸವನ್ನು ಬಿಟ್ಟುಕೊಡಲಿಲ್ಲ, ಅದಕ್ಕೊಂದು ಬಾಗಿಲನ್ನೂ ಬೀಗವನ್ನೂ ಇಟ್ಟಿತು. ಪ್ಯಾಕೇಜು ತೆಗೆದುಹಾಕಿದ್ದು ಆ ಬೀಗವನ್ನು.

ಏಕೆ ತೆಗೆಯಿತು ಎಂಬುದು ಲೆಕ್ಕದ ಮಾತು. ತಲೆಗಿಷ್ಟು ಎಂದು ಮುಂಗಡ ಪಡೆದವನಿಗೆ ಮಳೆ ಬಂದರೂ, ಆನೆ ಲದ್ದಿ ಇನ್ನೂ ಬಿಸಿಯಾಗಿದ್ದರೂ ಹಿಂದಿರುಗುವುದೆಂದರೆ ನಷ್ಟ. ಮೂವತ್ತು ಜನರ ಸಾಲಿಗೆ ಮುಂದೊಬ್ಬ, ಹಿಂದೊಬ್ಬ ಇರುತ್ತಾರೆ. ಇಬ್ಬರೂ ಆ ಕಾಡಿನವರಾಗಿರಬೇಕೆಂದೇನಿಲ್ಲ. ತಲೆಗೆ ಕಟ್ಟಿದ ಟಾರ್ಚು ಬೆಳಗುವುದು ಕಾಲ ಮುಂದಿನ ಒಂದಿಷ್ಟು ನೆಲವನ್ನು. ಅದರಾಚೆ ಬಿದಿರ ಮೆಳೆಯಲ್ಲಿ ಕಿವಿಯಾಡಿಸದೆ ನಿಂತ ಆನೆಯನ್ನು ಅದು ತೋರಿಸದು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ನಿಷೇಧವಿದೆ. ರಾತ್ರಿ ಪ್ರಾಣಿಗಳ ಹೊತ್ತು ಎಂಬ ಕಾರಣಕ್ಕೆ ಕಬ್ಬಿಣದ ಲಾರಿಯೇ ನಿಲ್ಲಬೇಕೆಂದ ಮೇಲೆ, ಕಾಡಿನೊಳಗೆ ಕಾಲ್ನಡಿಗೆಯ ಗುಂಪಿಗೆ ಬೇರೆ ನ್ಯಾಯ ಹೇಳುವುದು ಹೇಗೆ? ಗುಹೆಯ ಕತೆಯೂ ಇದೇ. ಬೆಳಗಾವಿ ಜಿಲ್ಲೆಯ ಭೀಮಗಡ 2011ರಲ್ಲಿ ವನ್ಯಧಾಮವಾಗಲು ಅಲ್ಲಿನ ಬಾರಾಪೇಡೆ ಗುಹೆಗಳ ಅಪರೂಪದ ರಾಟನ್ ಬಾವಲಿಯೂ ಒಂದು ಕಾರಣ. ಮರಿ ಅವಚಿಕೊಂಡ ಬಾವಲಿಗಳ ಚಾವಣಿಯಡಿ ಫ್ಲ್ಯಾಶ್ ಬೆಳಕು, ಕೂಗಾಟ ನಡೆದರೆ ಮರಿಗಳು ನೆಲಕ್ಕೆ ಬೀಳಬಹುದು.

ನಗರದ ಹುಡುಗರು ಕಾಡು ನೋಡದಿದ್ದರೆ ಕಾಡನ್ನು ಪ್ರೀತಿಸುವುದು ಹೇಗೆ ಎಂಬುದು ಎದುರಾಗುವ ಮೊದಲ ಆಕ್ಷೇಪ. ಅದರಲ್ಲಿ ಹುರುಳಿದೆ. ಆದರೆ 2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಸಾಲುಗಟ್ಟಿ ನಿಂತ ಜನರು ಕಂಡದ್ದು ಮುಂದಿನವನ ಬೆನ್ನುಚೀಲವನ್ನು. ಆ ನೂಕುನುಗ್ಗಲಿನ ಬಳಿಕವೇ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿ, ಮುಂದೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿಯನ್ನು ತಂದಿತು. ಎರಡನೆಯ ಆಕ್ಷೇಪ ಹೊಟ್ಟೆಪಾಡಿನದು. ಆ ದಾರಿಯ ಗಿರಿಗದ್ದೆಯ ಭಟ್ಟರ ಮನೆ ಚಾರಣಿಗರಿಗೆ ಅನ್ನ ಹಾಕುತ್ತಾ ಬಂದಿದೆ. ಅಂಥ ಊರಿನವರಿಗೆ ದುಡಿಮೆ ಸಿಗಬೇಕು ನಿಜ. ಹಾಗಾದರೆ ದಾರಿ ತೋರುವ ಕೂಲಿಯೂ ಅವರಿಗೇ ಸಿಗಲಿ, ಅದೂ ತಲೆಲೆಕ್ಕದಲ್ಲಲ್ಲದೆ ದಿನಗೂಲಿಯಾಗಿ, ಅರ್ಧದಾರಿಯಲ್ಲಿ ಮರಳಿದರೂ ಕಡಿತವಿಲ್ಲದಂತೆ. ಆಗ ಮಾತ್ರ ‘ಬೇಡ’ ಎಂಬ ಮಾತು ಮಾರ್ಗದರ್ಶಿಯ ಬಾಯಿಂದ ಧೈರ್ಯವಾಗಿ ಬಂದೀತು. ನಿಯಮ ಹೆಚ್ಚಾದರೆ ಕಾಡು ಹಣವಂತರ ಪಾಲಾಗುತ್ತದೆ ಎಂಬ ಮೂರನೆಯ ಭಯಕ್ಕೆ ಅಗ್ಗದ ಹಗಲು ಚಾರಣ ಉತ್ತರವಾಗಬಲ್ಲದು. ನಿಯಮವನ್ನೇ ಕಡೆಗಣಿಸಿದರೆ ಏನಾದೀತೆಂದು ತಮಿಳುನಾಡಿನ ಕುರಂಗಣಿ ಹೇಳುತ್ತದೆ: 2018ರ ಮಾರ್ಚ್ 11ರಂದು, ಕಾಳ್ಗಿಚ್ಚಿನ ಹಂಗಾಮಿನಲ್ಲಿ ಬೆಟ್ಟ ಹತ್ತಿದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸುಟ್ಟು ಸತ್ತರು.

ರಾತ್ರಿಯ ಕಾಡು ದೂರದ ಮಾತೆಂದು ಮೇಟಗಳ್ಳಿಯವರು ತಿಳಿಯಬೇಕಿಲ್ಲ. 2024ರ ಡಿಸೆಂಬರ್ 31ರಂದು ಪಕ್ಕದ ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿದಾಗ ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಲಾಯಿತು. ನಮ್ಮ ಜಾಗಕ್ಕೆ ಅದು ಬಂದಾಗ ಇರುವ ಈ ಎಚ್ಚರ, ಅದರ ಜಾಗಕ್ಕೆ ನಾವು ಹೋಗುವಾಗಲೂ ಇರಬೇಕು. ಆದ್ದರಿಂದ ಮುಂಗಡ ಕಟ್ಟುವ ಮೊದಲು ಮೂರು ಮಾತು ಕೇಳಿ: ಅರಣ್ಯ ಇಲಾಖೆಯ ಅನುಮತಿ ಪತ್ರ ತೋರಿಸುತ್ತೀರಾ? ದಾರಿ ತೋರುವವರು ಯಾವ ಊರಿನವರು? ಅರ್ಧದಿಂದ ಮರಳಿದರೆ ಅವರ ಕೂಲಿ ಉಳಿಯುತ್ತದೆಯೇ? ಈ ಮೂರಕ್ಕೂ ನೇರ ಉತ್ತರ ಕೊಡದವರ ಜೊತೆ ಕಾಡಿಗೆ ಹೋಗಬೇಡಿ.