ಎರಡನೆಯ ನೋಟದಲ್ಲಿ ಎರಡು ಚಿತ್ರಗಳು

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಕಪಾಟಿನೊಳಗೆ ಸೇರಿಸಿ, ಕಳೆದ ಡಿಸೆಂಬರಿನ ಒಂದು ಶನಿವಾರ ಮುಂಜಾನೆ ನಾವು ಕಾಸರಗೋಡಿನಲ್ಲಿ ಮಂಗಳೂರಿನ ರೈಲು ಹತ್ತಿದೆವು. ಜತೆಯಲ್ಲಿ ನಮ್ಮ ಸಹೋದ್ಯೋಗಿಯೊಬ್ಬರೂ ಅವರ ಮಗನೂ ಇದ್ದರು. ಹುಡುಗ ನಮ್ಮ ಶಾಲೆಯಲ್ಲೇ ನಾಲ್ಕನೆಯ ತರಗತಿಯ ವಿದ್ಯಾರ್ಥಿ. ಕನ್ನಡ ಮಾಧ್ಯಮದ ಅಧ್ಯಾಪಕರ ಮಗ ಕನ್ನಡ ಮಾಧ್ಯಮದಲ್ಲೇ ಕಲಿಯುತ್ತಿದ್ದಾನೆಂಬುದನ್ನು ಇಂದು ವಿಶೇಷವಾಗಿ ಹೇಳಬೇಕಾಗಿ ಬಂದಿದೆ. ಓದುಗರು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಎರಡು ದಿನ ಒಲೆಯ ಗೊಡವೆಯಿಲ್ಲದೆ ಹೋಟೆಲುಗಳಲ್ಲಿ ಉಣ್ಣುವುದು, ಮಿತ್ರರ ಮನೆಯಲ್ಲಿ ತಂಗಿ ಅವರ ದೊಡ್ಡ ಟೀವಿಯಲ್ಲಿ ಎರಡು ಚಿತ್ರಗಳನ್ನು ನೋಡುವುದು, ಇಷ್ಟೇ ನಮ್ಮ ಸಂಕಲ್ಪ. ಎರಡನ್ನೂ ಅವು ತೆರೆಕಂಡ ಕಾಲದಲ್ಲಿ ಚಿತ್ರಮಂದಿರದಲ್ಲಿ ನೋಡಿದ್ದೆವು. ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' 2018ರ ಆಗಸ್ಟಿನಲ್ಲಿ ಬಂದದ್ದು; ಮಕ್ಕಳ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ಅದಕ್ಕಿಂತ ಒಂದು ವರ್ಷ ಹಿಂದಿನದು. ಒಂದರಲ್ಲಿ ಕನ್ನಡ ಶಾಲೆ, ಇನ್ನೊಂದರಲ್ಲಿ ಕನ್ನಡ ಉಪನ್ಯಾಸಕ. ಬಿಡುವಿನ ದಿನಗಳಿಗೂ ನಮಗೆ ನಮ್ಮ ವೃತ್ತಿಯೇ ಬೇಕಾಯಿತೇ ಎಂದು ಮಿತ್ರರ ಮನೆಯಾಕೆ ನಕ್ಕರು.

ಕರಾವಳಿಯ ಚಳಿಗಾಲ ಹೆಸರಿಗೆ ಮಾತ್ರ. ಮುಂಜಾನೆಯ ಇಬ್ಬನಿ ಆರುವ ಮೊದಲೇ ಬೆವರು ಇಳಿಯುತ್ತದೆ. ಆದರೂ ಆ ಹೊತ್ತಿನಲ್ಲಿ ಬಿಸಿಬಿಸಿ ಬನ್ಸ್, ಗೋಳಿಬಜೆ, ಕಾಫಿ ಮುಂದಿದ್ದರೆ ಚಳಿಯಿದೆಯೆಂದು ಭಾವಿಸಿಕೊಳ್ಳುವುದು ಕಷ್ಟವಲ್ಲ. ರೈಲು ನಿಲ್ದಾಣದ ಬಳಿಯ ಹೋಟೆಲೊಂದರಲ್ಲಿ ನಾವು ಬನ್ಸ್ ಕೇಳಿದೆವು, ಬಂದದ್ದು ಗೋಳಿಬಜೆ. ನೀರುದೋಸೆ ಕೇಳಿದೆವು, ಮಸಾಲೆದೋಸೆ ಬಂತು. ಹಿಂದಿನ ಕಾಲದಲ್ಲಿ ಇಂತಹ ಹೋಟೆಲಿನ ಮಾಣಿಗಳು ಸುತ್ತಲ ಹಳ್ಳಿಗಳವರು. ಈಗ ಬಡಿಸಿದವನು ಝಾರ್ಖಂಡದ ತರುಣ, ಬಂದು ಹದಿನೈದು ದಿನವಾಗಿತ್ತಷ್ಟೆ. ಬೇಸರವೇನೂ ಆಗಲಿಲ್ಲ, ಬಂದದ್ದನ್ನೇ ತಿಂದೆವು. ಅದೇ ಹೋಟೆಲಿನಲ್ಲಿ ಅವನದೇ ಊರಿನ ಇನ್ನೊಬ್ಬ, ಎರಡು ವರ್ಷದಿಂದ ಇರುವವನು, ಪಕ್ಕದ ಮೇಜಿನವರನ್ನು 'ದಾದ ಬೋಡು?' ಎಂದು ಅಚ್ಚ ತುಳುವಿನಲ್ಲೇ ವಿಚಾರಿಸುತ್ತಿದ್ದುದು ಕಿವಿಗೆ ಬಿತ್ತು.

ಮಧ್ಯಾಹ್ನ 'ಸರ್ಕಾರಿ' ಚಿತ್ರ ಹಾಕಿದೆವು. ಮಲಯಾಳ ಮಾತ್ರ ಬಲ್ಲ ಗಣಿತದ ಅಧ್ಯಾಪಕರು ಕನ್ನಡ ತರಗತಿಗೆ ಬಂದು ನಿಲ್ಲುವ ಪ್ರಸಂಗ ಬಂದಾಗ, ನಮ್ಮ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. 2018ರಲ್ಲಿ ಚಿತ್ರಮಂದಿರ ತುಂಬ ಕುಳಿತಿದ್ದ ಜನರೊಡನೆ ನಾವೂ ಹಾಗೆಯೇ ನಕ್ಕಿದ್ದೆವು. ಈ ಸಲ ನಗು ಅರ್ಧದಲ್ಲೇ ನಿಂತಿತು. ತಪ್ಪಿ ಬಂದ ತಿಂಡಿಯನ್ನು ತಿಂದು ಎದ್ದುಬರಬಹುದು. ತಪ್ಪಿ ಹೊಕ್ಕ ಭಿನ್ನರಾಶಿ ಏಳನೆಯ ತರಗತಿಯವರೆಗೂ ಮಗುವಿನ ಬೆನ್ನು ಬಿಡುವುದಿಲ್ಲ. ಕನ್ನಡವರಿಯದವರನ್ನು ಕನ್ನಡ ವಿಭಾಗಕ್ಕೆ ನೇಮಿಸಿದುದನ್ನು ಪ್ರತಿಭಟಿಸಿ ನಮ್ಮ ಜಿಲ್ಲೆಯ ಮಕ್ಕಳೇ ಬೀದಿಗಿಳಿದುದುಂಟು. ಆ ಅಧ್ಯಾಪಕರಾದರೂ ಬಯಸಿ ಬಂದವರೇ? ಆದೇಶ ಬಂದಲ್ಲಿಗೆ ಬಂದವರು. ಝಾರ್ಖಂಡದ ತರುಣನಿಗೆ ಭಾಷೆ ಕಲಿಯಲು ಯಜಮಾನನ ಗದರಿಕೆಯೂ ಗಿರಾಕಿಯ ಒತ್ತಾಯವೂ ಇವೆ. ಇವರಿಗೆ ಕನ್ನಡ ಕಲಿಸುವ ಹೊಣೆ ಯಾರದು? ಚಿತ್ರ ಅಧ್ಯಾಪಕರನ್ನು ನಗೆಗೆ ಒಡ್ಡಿದಷ್ಟು ಆದೇಶವನ್ನು ಒಡ್ಡುವುದಿಲ್ಲವೆಂಬುದು ನಮ್ಮ ಮೊದಲ ಆಕ್ಷೇಪ.

ಆದರೂ ಈ ಚಿತ್ರ ನಮಗೆ ಪ್ರಿಯವಾದುದು. ಹೆಸರನ್ನೇ ನೋಡಿರಿ. ನಮ್ಮ ಶಾಲೆಗಳ ಕಪಾಟು, ಫ್ಯಾನು, ನೀರಿನ ಟ್ಯಾಂಕಿ ಎಲ್ಲದರ ಮೇಲೂ 'ಕೊಡುಗೆ' ಎಂದು ಬಣ್ಣದಲ್ಲಿ ಬರೆದಿರುತ್ತದೆ. ಆ ಒಂದು ಪದವನ್ನು ಕಂಡ ಕಣ್ಣು ಶಾಲೆಯೊಳಗೆ ನಿಜವಾಗಿ ಓಡಾಡಿದ ಕಣ್ಣು. (ನಮ್ಮಲ್ಲಿ ಎಲ್.ಪಿ., ಯು.ಪಿ. ಎನ್ನುವುದೇ ಬಾಯಿಮಾತಿನ ರೂಢಿ, 'ಹಿ. ಪ್ರಾ.' ಎಂಬುದು ಗಡಿಯಾಚೆಯ ಬೋರ್ಡುಗಳಲ್ಲಿ ಹೆಚ್ಚು ಕಾಣುವ ಸಂಕ್ಷೇಪ. ಇರಲಿ.) ಪೂರ್ವಾರ್ಧದಲ್ಲಿ ಮಕ್ಕಳು ಸುಮ್ಮನೆ ಅಲೆಯುತ್ತಾರೆ, ಜಗಳಾಡುತ್ತಾರೆ, ಕಾರಣವಿಲ್ಲದೆ ಓಡುತ್ತಾರೆ. ಅಲ್ಲೆಲ್ಲ ಚಿತ್ರಕ್ಕೆ ಯಾವ ಅವಸರವೂ ಇಲ್ಲ. ಮಕ್ಕಳಾಡುವುದು ನಮ್ಮ ಕರಾವಳಿಯ ಕನ್ನಡ. ಅದನ್ನು ಬಹುಕಾಲ ಚಲನಚಿತ್ರಗಳಲ್ಲಿ ವಿದೂಷಕರ ಬಾಯಲ್ಲಿ ಮಾತ್ರ ಕೇಳಿದ್ದ ನಮಗೆ ಇದು ಸಣ್ಣ ಸಮಾಧಾನವಲ್ಲ.

ಉತ್ತರಾರ್ಧದಲ್ಲಿ ಶಾಲೆ ಮುಚ್ಚುತ್ತದೆ. ಮೈಸೂರಿನಿಂದ ಅನಂತಪದ್ಮನಾಭ ಪಿ. ಬರುತ್ತಾರೆ, ಅನಂತನಾಗ್ ಅವರ ಅಭಿನಯ ಎಂದಿನಂತೆ ಲೀಲಾಜಾಲವಾದುದು. ಮೊಕದ್ದಮೆ ನ್ಯಾಯಾಲಯಕ್ಕೆ ಹೋಗುತ್ತದೆ. ಈ ಭಾಗಕ್ಕೆ 2018ರಲ್ಲಿ ನಾವು ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆವು. ಕಾನೂನಿನ ಬಲ ನಮಗಿಲ್ಲವೆಂದಲ್ಲ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದೇ ಸಂವಿಧಾನದ 350ಎ ವಿಧಿಯೂ ಜಾರಿಗೆ ಬಂದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಹೇಳಿತು. ಆದರೆ ನಮ್ಮ ತರಗತಿಯ ಹಾಜರಿ ಪುಸ್ತಕವನ್ನು ತೆರೆದು ನೋಡಿ. ಮನೆಯಲ್ಲಿ ತುಳು ಆಡುವವರು, ಬ್ಯಾರಿ ಆಡುವವರು, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಆಡುವವರು, ಎಲ್ಲರೂ ಒಂದೇ ಬೆಂಚಿನಲ್ಲಿದ್ದಾರೆ. ಹಲವರಿಗೆ ಕನ್ನಡ ತಾಯಿಯ ಮಾತಲ್ಲ, ಶಾಲೆಯ ಮಾತು. ಅಜ್ಜನೂ ಅಪ್ಪನೂ ಅದರಲ್ಲಿ ಕಲಿತರೆಂದು ಅವರದಾದ ಮಾತು. ಈ ಅಪರೂಪದ ಬಾಂಧವ್ಯವನ್ನು ಮಕ್ಕಳ ಗುಂಪನ್ನು ತೋರಿಸುವಾಗ ಚಿತ್ರ ಬಲ್ಲದು. ವಾದಕ್ಕೆ ನಿಂತಾಗ ಅದರ ಮಾತು ಬಾವುಟದ ಮಾತಾಗುತ್ತದೆ.

ಎರಡನೆಯ ಆಕ್ಷೇಪವನ್ನು ಹೇಳಲು ನಮಗೆ ಸಂಕೋಚವಿದೆ. ಶಾಲೆಯ ಶತ್ರು ಹೊರಗಿದ್ದಾನೆ, ಎ.ಇ.ಓ. ಕಚೇರಿಯಲ್ಲಿದ್ದಾನೆ ಎಂದು ಚಿತ್ರ ನಂಬಿಸುತ್ತದೆ. ಅಂದು ಚಪ್ಪಾಳೆ ತಟ್ಟಿದ ಈ ಕೈಗಳೇ ಮರುವರ್ಷದ ಬೇಸಗೆಯಲ್ಲಿ ನಮ್ಮ ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಅರ್ಜಿಯನ್ನು ತುಂಬಿದವು. ಕಾರಣಗಳಿದ್ದವು, ಎಲ್ಲರಿಗೂ ಇರುತ್ತವೆ. ಆ ಅರ್ಜಿ ತುಂಬುವ ತಂದೆತಾಯಿಗಳ ಕಡೆಗೆ ಕ್ಯಾಮೆರಾ ಒಮ್ಮೆ ತಿರುಗಿ ನಿಂತಿದ್ದರೆ ಚಪ್ಪಾಳೆಗಳು ಕಡಮೆಯಾಗುತ್ತಿದ್ದವು, ಚಿತ್ರ ದೊಡ್ಡದಾಗುತ್ತಿತ್ತು. ಶನಿವಾರ ಇದನ್ನು ಸಹೋದ್ಯೋಗಿಗಳ ಎದುರು ನಾವು ಹೇಳಲಿಲ್ಲ. ಅವರೂ ಕೇಳಲಿಲ್ಲ. ಸಂಜೆ ಎಲ್ಲರೂ ಹೋಗಿ ಗಡ್ಬಡ್ ಐಸ್‌ಕ್ರೀಮ್ ತಿಂದೆವು. ಎತ್ತರದ ಗಾಜಿನ ಲೋಟದ ತಳದಲ್ಲಿ ಉಳಿದ ಹಣ್ಣಿನ ಚೂರುಗಳಿಗಾಗಿ ಹುಡುಗ ಉದ್ದ ಚಮಚದಿಂದ ಪಟ್ಟ ಪಾಡು ನಮ್ಮ ಮನಸ್ಸನ್ನು ತುಸು ಹಗುರಮಾಡಿತು.

ಭಾನುವಾರದ ಚಿತ್ರದಲ್ಲಿ ಬಾವುಟವಿಲ್ಲ. ಜನಾರ್ದನ ಮಂಗಳೂರಿನ ಕಾಲೇಜೊಂದರ ಕನ್ನಡ ಉಪನ್ಯಾಸಕ. ತಲೆ ಬೋಳು, ಹೆಣ್ಣು ಸಿಕ್ಕುತ್ತಿಲ್ಲ, ರಾಜಕುಮಾರರ ಪರಮಭಕ್ತ. ಮೊದಲ ನೋಟದಲ್ಲಿ ಇದು ಬೋಳುತಲೆಯ ವಿನೋದವೆಂದಷ್ಟೇ ಎಣಿಸಿದ್ದೆವು. ಈಗ ಕಂಡದ್ದು ಬೇರೆ. ಕನ್ನಡ ಕಲಿಸುವವನಿಗೆ ಪೇಟೆಯ ಮದುವೆಯ ಮಾರುಕಟ್ಟೆಯಲ್ಲಿ ಬೆಲೆ ಎಷ್ಟು ಎಂಬುದನ್ನು ಭಾಷಣವಿಲ್ಲದೆ ಹೇಳಿದ ಚಿತ್ರವಿದು. ಅಷ್ಟಕ್ಕೇ ನಿಂತಿದ್ದರೆ ಅಳುಬುರುಕತನವಾಗುತ್ತಿತ್ತು. ಆದರೆ ತನ್ನ ರೂಪಕ್ಕಾಗಿ ನಗೆಪಾಟಲಾದ ಇದೇ ಜನಾರ್ದನ, ಸರಳಾ ಎಂಬ ಹುಡುಗಿಯ ದಪ್ಪ ಮೈಯನ್ನು ಕಂಡು ತಾನೇ ಹಿಂಜರಿಯುತ್ತಾನೆ. ದೋಷವನ್ನು ನಾಯಕನೊಳಗೇ ಹುಡುಕುವ ಈ ಧೈರ್ಯವನ್ನೇ ನಾವು ಹಿಂದಿನ ದಿನದ ಚಿತ್ರದಲ್ಲಿ ಬಯಸಿದ್ದೆವು. ಅವನು ಆರಾಧಿಸುವ ರಾಜಕುಮಾರರೂ ಗಡಿಯವರೇ. ಅವರ ಗಾಜನೂರು ಇಂದು ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. ಶಾಲೆಯಲ್ಲಿ ಹೆಚ್ಚು ಕಲಿಯದ ಅವರ ನಾಲಿಗೆಯ ಕನ್ನಡವನ್ನು ಕೇಳಿ ನಾಡೇ ಉಚ್ಚಾರ ತಿದ್ದಿಕೊಂಡಿತು. ಎರಡೂ ಚಿತ್ರಗಳಲ್ಲಿ ನಗಿಸುವ ಪ್ರಕಾಶ್ ತೂಮಿನಾಡು ಅವರ ಹೆಸರಿನಲ್ಲಿರುವುದು ನಮ್ಮ ಮಂಜೇಶ್ವರದ ಊರು. ಜವಾನ ಶ್ರೀನಿವಾಸನಾಗಿ ಅವರು ಜನಾರ್ದನನಿಗಾಗಿ ಹೆಣಗುವ ದೃಶ್ಯಗಳು ಎರಡನೆಯ ಸಲವೂ ಸವಿಯಾಗಿದ್ದವು.

ಸಂಜೆಯ ಗಾಡಿಯಲ್ಲಿ ಮರಳಿದೆವು. ನೇತ್ರಾವತಿಯ ಸೇತುವೆಯ ಮೇಲೆ ಗಾಳಿ ತಣ್ಣಗೆ ಬೀಸಿ, ಹುಡುಗ ತಂದೆಯ ಶಾಲನ್ನು ಎಳೆದುಕೊಂಡ. ಉಪ್ಪಳ ದಾಟುವಾಗ ನಿದ್ದೆಯಿಂದೆದ್ದವನಂತೆ ಕೇಳಿದ:

"ಮಾಷ್ಟ್ರೇ, ಶಾಲೆ ಗೆದ್ದ ಮೇಲೆ ಅಲ್ಲಿ ಲೆಕ್ಕ ಹೇಳಿಕೊಡಲಿಕ್ಕೆ ಯಾರು ಬಂದರು?"

ನಮ್ಮ ಶಾಲೆಯಲ್ಲಿ ಅವನಿಗೆ ಲೆಕ್ಕ ಹೇಳಿಕೊಡುವವರು ನಾವೇ. ನಾಳೆ ಯೋಚಿಸಿ ಹೇಳುತ್ತೇವೆಂದೆವು. ರಜೆಯೆಂಬುದು ಅವನಿಗೆ ನೆನಪಿತ್ತು. "ನಾಳೆ ಶಾಲೆ ಇಲ್ಲವಲ್ಲ" ಎಂದ.